ಕಾಲು ಮುಂದಾಗಿ ಹುಟ್ಟಿದ ಹೆಂಡತಿ

ನಾನು ಹೆಂಡತಿಯಿಂದ ಒದೆ ತಿಂದವನು. ಇದನ್ನು ತಲೆ ತಗ್ಗಿಸಿ ಹೇಳುವವನಲ್ಲ, ಎದೆ ಮುಂದೆ ಮಾಡಿ ಹೇಳುತ್ತೇನೆ. ಹಾಗೆ ಎದೆ ಮುಂದೆ ಮಾಡಲು ಬೆನ್ನು ಹೇಗೆ ಉಳಿಯಿತು ಎಂಬುದೇ ಆ ಒದೆಯ ಕಥೆ.

ಭದ್ರಾವತಿಯಲ್ಲಿ ನಾನು ಡ್ರಿಲ್ ಮೇಷ್ಟ್ರು. "ನೆಟ್ಟಗೆ ನಿಲ್ಲೋ!" ಎಂದು ಊರ ಮಕ್ಕಳನ್ನೆಲ್ಲ ಗದರುವುದೇ ಉದ್ಯೋಗ. ಅಂಥವನ ಬೆನ್ನು, ಹೆಗಲಿನಿಂದ ಒಂದು ಗೇಣು ಕೆಳಗೆ, ನೋಯತೊಡಗಿತು. ಸಂಜೆಯಾದರೆ ಸಣ್ಣ ಜ್ವರ. ನಾನು ಬಗ್ಗಿ ನಿಂತು "ನೆಟ್ಟಗೆ" ಎಂದರೆ ಹುಡುಗರು ಕಿಸಕ್ಕೆಂದು ನಗುವಂತಾಯಿತು. ಯೋಗಶಾಸ್ತ್ರದವರು ಬೆನ್ನೆಲುಬನ್ನು ಮೇರುದಂಡ ಎನ್ನುತ್ತಾರೆ. ಮೇರು ಪರ್ವತವನ್ನೇ ಹೊತ್ತವನಿಗೆ ನೋವು ಬಾರದಿರುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅದೇ ಊರಿನ ಜನ್ನಾಪುರದ ನಮ್ಮ ಬೀದಿಗೆ ಈ ಪಾಂಡಿತ್ಯ ಬೇಕಿರಲಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಬೆನ್ನಿನ ಉಳುಕು ಬಿಡುತ್ತದೆಂದು ಅಲ್ಲಿ ಎಲ್ಲರಿಗೂ ಗೊತ್ತು. ನನ್ನ ಹೆಂಡತಿ ಗಿರಿಜೆ ಹಾಗೆ ಹುಟ್ಟಿದವಳು. ಕಾರ್ಖಾನೆಯಲ್ಲಿ ಭಾರ ಎತ್ತಿ ಬೆನ್ನು ಹಿಡಿದುಕೊಂಡವರು ಭಾನುವಾರ ನಮ್ಮ ಹೊಸ್ತಿಲ ಬಳಿ ಬೋರಲು ಮಲಗುತ್ತಿದ್ದರು. ಅವಳು ಒದ್ದು, "ಶಿವಾ" ಎಂದು ಅವರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಗಂಡನನ್ನು ಮಾತ್ರ ಒದೆಯಲಾರೆ ಎಂದಳು.

"ಔಷಧಿಗೇನು ಪಾಪ ಗಿರಿಜಕ್ಕ? ಒದ್ದು ಕಾಲಿಗೆ ಬಿದ್ರಾಯ್ತು," ಎಂದ ಪಕ್ಕದ ಮನೆಯ ರುದ್ರಪ್ಪ.

"ಸುಮ್ನಿರು ಮಾರಾಯ," ಎಂದಳು ಗಿರಿಜೆ. "ಇವರಿಗೆ ಜ್ವರ ಬೇರೆ ಬರುತ್ತೆ. ಮೊದ್ಲು ಶಿವಮೊಗ್ಗದಲ್ಲಿ ಡಾಕ್ಟ್ರಿಗೆ ತೋರಿಸ್ಲಿ. ಅವರು ಹೂಂ ಅಂದ್ರೆ ಖಂಡಿತ ಒದೀತೀನಿ."

ಶಿವಮೊಗ್ಗದ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪಕ್ಕೆಲುಬು ಬಂದು ಸೇರುವ ಎರಡು ಬೆನ್ನುಮೂಳೆಗಳನ್ನು ಕ್ಷಯ ತಿಂದಿತ್ತು.

"ಬೆನ್ನನ್ನ ಯಾರೂ ತುಳಿದಿಲ್ಲ ತಾನೇ?" ಎಂದರು.

"ಇಲ್ಲ, ಹೆಂಡತಿ ಒಪ್ಪಲಿಲ್ಲ," ಎಂದೆ.

"ಆಕೆ ಕಾಲಿಗೆ ಬೀಳಿ ಮಾರಾಯ್ರೇ! ತುಳಿದಿದ್ರೆ ಮೂಳೆ ಕುಸಿದು ನಿಮ್ಮ ಎರಡು ಕಾಲೂ ಹೋಗ್ತಿದ್ವು."

ನಾನು ಕೂತಲ್ಲೇ ಎರಡು ಕಾಲನ್ನೂ ಮುಟ್ಟಿ ನೋಡಿಕೊಂಡೆ.

ಆಮೇಲೆ ಇಂಜೆಕ್ಷನ್ನು, ಮಾತ್ರೆ, ಹಲಗೆ ಮಂಚ, ಕಂಕುಳಿನಿಂದ ಸೊಂಟದವರೆಗೆ ಪ್ಲಾಸ್ಟರು. ನೋಡಲು ಬಂದವರು ಹಲಸಿನಹಣ್ಣನ್ನು ಪರೀಕ್ಷಿಸುವಂತೆ ನನ್ನನ್ನು ಬಡಿದು ನೋಡುತ್ತಿದ್ದರು. ಒಳಗೆ ತುರಿಸಿದರೆ ಗಿರಿಜೆ ಸ್ವೆಟರ್ ಹೆಣೆಯುವ ಕಡ್ಡಿಯೇ ಗತಿ. ಎಷ್ಟೋ ತಿಂಗಳ ಮೇಲೆ ಪ್ಲಾಸ್ಟರು ಬಿಚ್ಚಿದ ಡಾಕ್ಟರು, "ಮೂಳೆ ಕೂಡಿದೆ, ಧೈರ್ಯವಾಗಿ ನಡೀರಿ, ಇನ್ನೇನೂ ಭಯವಿಲ್ಲ" ಎಂದರು. ಧೈರ್ಯವನ್ನು ಯಾವ ಅಂಗಡಿಯಿಂದ ತರಲಿ? ಮನೆಯಲ್ಲಿ ಮಂಚ ಹಿಡಿದು ನಿಂತೆ, ಕಾಲು ಕಿತ್ತಿಡಲಾಗಲಿಲ್ಲ. ಲೆಫ್ಟ್ ರೈಟ್ ಹೇಳಿಕೊಡುವವನಿಗೆ ಒಂದು ಹೆಜ್ಜೆಯ ಭಯ! ದಿನಗಟ್ಟಲೆ ಹಾಗೇ ನಿಂತೆ, ಕೂತೆ. ಇನ್ನು ನನ್ನ ಕಥೆ ಇಷ್ಟೇ ಎಂದು ಒಳಗೊಳಗೇ ಅಳುತ್ತಿದ್ದೆ.

ಒಂದು ಬೆಳಿಗ್ಗೆ ನಾನು ಹಾಗೇ ನಿಂತಿದ್ದಾಗ ಗಿರಿಜೆ, "ಡಾಕ್ಟ್ರು ಹೂಂ ಅಂದಾಯ್ತಲ್ಲ, ಕೊಟ್ಟ ಮಾತು ಉಳಿಸ್ಕೋತೀನಿ," ಎಂದು ಹಿಂದೆ ಬಂದು ಕಾಲೆತ್ತಿದಳು. ಬೆನ್ನಿಗೆ ಎಟುಕದೆ ಹೆಬ್ಬೆರಳು ಮೊಣಕಾಲ ಹಿಂದೆ ತಾಗಿತು. ತಕ್ಷಣ ಮುಂದೆ ಬಂದು ನನ್ನ ಕಾಲಿಗೆ ಬಗ್ಗಿದಳು.

ಈ ಕಾಲು ಉಳಿಸಿದವಳು ಇದೇ ಕಾಲಿಗೆ ಬೀಳುವುದೇ? "ಛೆ, ಬಿಡೇ!" ಎಂದು ಹಿಂದೆ ಸರಿದೆ. ಅವಳು ಬಿಡಲಿಲ್ಲ, ನಾನು ನಿಲ್ಲಲಿಲ್ಲ. ಬೆನ್ನು ಎದುರು ಗೋಡೆಗೆ ತಗುಲಿದಾಗಲೇ ತಿಳಿದದ್ದು, ನಾನು ನಡೆದುಬಿಟ್ಟಿದ್ದೆ. ಇಬ್ಬರೂ ಅಲ್ಲೇ ಕೂತು ಅತ್ತೆವು.

ಬಾಗಿಲಲ್ಲಿದ್ದ ರುದ್ರಪ್ಪ, "ಒಂದೇ ಒದೆಗೆ ನಡೆದ್ರು!" ಎಂದು ಬೀದಿಯಲ್ಲೆಲ್ಲ ಸಾರಿದ. ಆ ಭಾನುವಾರ ಹೊಸ್ತಿಲ ಬಳಿ ಬೋರಲು ಮಲಗಿದವರಿಗೆ ಲೆಕ್ಕವಿಲ್ಲ. ಗಿರಿಜೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು.

"ಏಳ್ರಿ ಎಲ್ಲರೂ! ಎಕ್ಸ್‌ರೇ ತೆಗೆಸ್ಕೊಂಡ್ ಬನ್ನಿ. ಒದೆ ಎಲ್ಲಿಗೂ ಓಡಿಹೋಗಲ್ಲ."