ವಿಠ್ಠಲನನ್ನು ಹಚ್ಚಿ ನೋಡಿದ ಟೀವಿಗಳು

ಎರಡೂ ಕಣ್ಣುಗಳಲ್ಲಿ ನಡುಭಾಗದ ದೃಷ್ಟಿ ಇನ್ನು ಮರಳುವುದಿಲ್ಲ, ಅಂಚಿನದು ಉಳಿಯುತ್ತದೆ ಎಂದು ಡಾಕ್ಟರು ಹೇಳಿದಾಗ ನಮ್ಮ ಯಜಮಾನರು "ಆಗ್ಲಿರಿ" ಎಂದರು. ನಾನು ಚೀಟಿ ಮಡಚಿ ಚೀಲದಲ್ಲಿ ಇಟ್ಟುಕೊಂಡೆ. ಅಳು ಬರಲಿಲ್ಲ. ಅಂಚಾದರೂ ಉಳಿಯಿತಲ್ಲ, ಅದು ಒಂದು ಪುಣ್ಯ ಎಂದುಕೊಂಡೆ.

ಅವರಿಗೆ ಬೇಕಾಗಿದ್ದು ಒಂದೇ. ದಿನಾ ಬೆಳಿಗ್ಗೆ ಟೀವಿಯಲ್ಲಿ ಪಂಢರಪುರದ ವಿಠ್ಠಲನ ದರ್ಶನ ಆಗಬೇಕು. ಅದಾಗದೆ ಅವರು ಚಹಾ ಮುಟ್ಟುವವರಲ್ಲ. ಈಚೆಗೆ ನಮ್ಮ ಸಣ್ಣ ಟೀವಿಯ ಮುಂದೆ ಕೂತು "ಹಚ್ಚೀಯೇನು?" ಎಂದು ಕೇಳುತ್ತಿದ್ದರು. ಅದು ಹಚ್ಚಿಯೇ ಇರುತ್ತಿತ್ತು.

ಆಸ್ಪತ್ರೆಯಿಂದ ಹಾಗೆಯೇ ಮೆಹದಿಪಟ್ಟಣಂನ ಒಂದು ಟೀವಿ ಅಂಗಡಿಗೆ ಹೋದೆವು. ಗೋಡೆ ತುಂಬ ಟೀವಿಗಳು, ಅವುಗಳಲ್ಲಿ ಗಿಳಿಗಳು, ಹೆಚ್ಚಿದ ಕಿತ್ತಳೆ ಹಣ್ಣುಗಳು. ಅಂಗಡಿಯಾತ ಬೀದರ ಕಡೆಯವನು. ನಮ್ಮ ಮಾತು ಕಿವಿಗೆ ಬಿದ್ದದ್ದೇ ಹಿಂದಿ ಬಿಟ್ಟು ಕನ್ನಡಕ್ಕೆ ಬಂದ.

"ಇದು ಓಎಲ್‌ಇಡಿ ನೋಡ್ರಿ ಅಕ್ಕೋರೆ. ಒಂದೊಂದು ಚುಕ್ಕಿ ತಾನ ಹತ್ತತದ, ತಾನ ಆರತದ. ಕರಿ ಅಂದ್ರ ಖರೇನ ಕರಿ. ಅದು ಕ್ಯೂಎಲ್‌ಇಡಿ. ಅದಕ್ಕ ಹಿಂದ ಲೈಟ್ ಇರತದ, ಬೆಳಕು ಜಾಸ್ತಿ. ಆದ್ರ ಕರಿ ಒಂಚೂರು ಬೂದಿ ಕಂಡಂಗ ಕಾಣ್ತದ."

"ಗಿಳಿ ನೋಡಿ ನಾವೇನ್ ಮಾಡೂದೈತ್ರಿ? ವಿಠ್ಠಲನ್ನ ಹಚ್ಚರಿ," ಎಂದೆ.

ಆತ ತನ್ನ ಫೋನಿನಿಂದ ಆ ಹೊತ್ತಿನ ದರ್ಶನವನ್ನು ಎರಡರಲ್ಲೂ ಹಚ್ಚಿದ. ಓಎಲ್‌ಇಡಿಯಲ್ಲಿ ಕರಿಕಲ್ಲು ಆಗಷ್ಟೇ ಎಣ್ಣೆ ಸವರಿದಂತಿತ್ತು. ಕೈ ಮುಗಿದೆ. ಆಮೇಲೆ ಯಜಮಾನರನ್ನು ಅದರ ಮುಂದೆ ನಿಲ್ಲಿಸಿ, ಏನು ಕಾಣುತ್ತದೆ ಎಂದು ಕೇಳಿದೆ.

"ಸೊಂಟದ ಮ್ಯಾಲೆ ಕೈ. ಕಿವ್ಯಾಗ ಮೀನಿನ ಕುಂಡಲ. ಕೊರಳಾಗ ತುಳಸಿಮಾಲಿ."

"ಸಾಹೇಬ್ರ ನಜರ್ ನನಗಿಂತ ಚೊಲೊ ಅದ ಬಿಡ್ರಿ," ಎಂದ ಅಂಗಡಿಯಾತ. "ಇದನ್ನ ಪ್ಯಾಕ್ ಮಾಡಸ್ಲೇನು?"

ಹೂಂ ಎನ್ನುವುದರಲ್ಲಿದ್ದೆ. ಪರದೆಯ ಮೇಲೆ ಇನ್ನೊಮ್ಮೆ ಕಣ್ಣು ಹೋಯಿತು. ಆ ದಿನ ಕೊರಳಲ್ಲಿ ತುಳಸಿ ಇರಲಿಲ್ಲ, ಕೆಂಪು ಗುಲಾಬಿಯ ಹಾರವಿತ್ತು. ಅವರು ಹೇಳಿದ್ದು ಹುಡುಗತನದಿಂದ ಬಾಯಿಪಾಠವಾದ ವಿಠ್ಠಲನನ್ನು. ಅವರಿಗೆ ಉತ್ತರ ಗೊತ್ತಿದ್ದ ಪ್ರಶ್ನೆಯನ್ನೇ ನಾನು ಕೇಳಿದ್ದೆ.

"ತೆಲುಗು ನ್ಯೂಸ್ ಹಚ್ಚರಿ," ಎಂದೆ. ಎರಡರಲ್ಲೂ ಸುದ್ದಿ ಓದುವವಳು ಬಂದಳು. "ಆಕಿ ಸೀರಿ ಯಾವ ಬಣ್ಣರೀ?"

ಅತ್ತಿತ್ತ ಮುಖ ತಿರುಗಿಸಿ ನೋಡಿ, "ನೀಲಿ ಏನು?" ಎಂದರು. ಹಸಿರಿತ್ತು. ಓಎಲ್‌ಇಡಿಯ ಗಾಜಿನಲ್ಲಿ ಅಂಗಡಿಯ ಟ್ಯೂಬ್‌ಲೈಟುಗಳೆಲ್ಲ ಮೂಡಿದ್ದವು. ನಮ್ಮ ಮನೆಯಲ್ಲಿ ಟೀವಿಯ ಎದುರಿಗೇ ಕಿಟಕಿ.

ಅವರ ಕೈ ಹಿಡಿದು ಕ್ಯೂಎಲ್‌ಇಡಿಯ ಮುಂದೆ ತಂದೆ. ಅದು ಅರವತ್ತೈದು ಇಂಚಿನದು. ಅವರು ನಿಧಾನವಾಗಿ ಮುಖವನ್ನು ಫ್ರಿಜ್ಜುಗಳ ಕಡೆಗೆ ತಿರುಗಿಸಿದರು.

"ಸಾಹೇಬ್ರೆ, ಟೀವಿ ಈ ಕಡಿ ಅದ."

"ನನಗ ಹಿಂಗ ನಿಂತ್ರನ ಕಾಣತೈತಿ, ತಮ್ಮಾ. ಹಸಿರು ಸೀರಿ. ಹಳದಿ ಅಂಚು." ಆಮೇಲೆ ನನಗೆ, "ಪಾಸಾದ್ನೇನು?"

"ಆದ್ರಿ," ಎಂದೆ. ನನಗೆ ಚೆಂದ ಕಂಡದ್ದನ್ನು ಅಲ್ಲೇ ಬಿಟ್ಟು ಕ್ಯೂಎಲ್‌ಇಡಿ ತಂದೆವು.

ಈಗ ಅವರ ಕುರ್ಚಿ ಟೀವಿಗೆ ಅಡ್ಡ ಇದೆ. ದೇವರ ಕೋಣೆಯ ಬಾಗಿಲ ಕಡೆ ಮುಖ ಮಾಡಿ ಕೂರುತ್ತಾರೆ. ಹೊಸಬರು ನೋಡಿದರೆ ಸಿಟ್ಟಾಗಿ ಕೂತಿದ್ದಾರೆ ಅಂದುಕೊಳ್ಳಬೇಕು. ಮೊದಲ ದಿನ ಬೆಳಿಗ್ಗೆ, "ಇವತ್ತ ಸೇವಂತಿ ಹಾರ. ಹಳದಿ," ಎಂದರು.

ನೋಡಿದೆ. ಹಳದಿ ಸೇವಂತಿಯೇ.

"ಮುಖ?"

"ಬರೇ ಹೊಗಿ," ಎಂದರು. "ಮುಖ ಗೊತ್ತೈತಿ ಬಿಡು. ಚಹಾ ತಾ."

ಹಾರ ಕಂಡಿತು. ಅದೂ ಒಂದು ಎಂದು ಎಣಿಸಿ ಒಳಗೆ ಹೋಗಿ ನೀರಿಟ್ಟೆ.