ಪಾರ್ಟು ಮಾಡಿದ್ದಕ್ಕೆ ಪುರಾವೆ

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಪಹಣಿ ತಿದ್ದುಪಡಿ, ವೃದ್ಧಾಪ್ಯ ವೇತನ, ಮದುವೆ ಕರೆಯೋಲೆ, ಹೀಗೆ ಬೇರೆಯವರ ಮಾತುಗಳನ್ನು ವರ್ಷಗಟ್ಟಲೆ ಕುಟ್ಟುತ್ತ ಬಂದಿದ್ದೇನೆ. ಕಿವಿಗೆ ಬಿದ್ದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಟೈಪು ಮಾಡಬೇಕು, ಇಲ್ಲದಿದ್ದರೆ ಈ ಕೆಲಸ ನಡೆಯುವುದಿಲ್ಲ. ಒಬ್ಬರ ವಿಷಯದಲ್ಲಿ ಮಾತ್ರ ನನಗೆ ಹಾಗಿರಲು ಆಗಲಿಲ್ಲ.

ಸಂತೆಯ ದಿನ ಮಧ್ಯಾಹ್ನ ಅವರು ಬಂದರು. ಅರವತ್ತು ದಾಟಿದ ಹೆಂಗಸು, ಬೆನ್ನು ನೆಟ್ಟಗೆ, ಹಣೆಯಲ್ಲಿ ದೊಡ್ಡ ಕುಂಕುಮ. ಚೀಲದಿಂದ ಒಂದು ಅರ್ಜಿ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ತುಂಬಿ ಕೊಡ್ತೀಯೇನವ್ವಾ? ನನಗ ಓದಾಕ ಬರತೈತಿ, ಸರ್ಕಾರದ ಕನ್ನಡ ತಿಳ್ಯಂಗಿಲ್ಲ."

ಸಣ್ಣ ಕಲಾ ಸಂಘಗಳಿಗೆ ಕೊಡುವ ಧನಸಹಾಯದ ಅರ್ಜಿ ಅದು. ಅವರು ಮೂವತ್ತು ವರ್ಷ ಹಳ್ಳಿ ನಾಟಕಗಳಿಗೆ ನಾಯಕಿಯಾಗಿ ಹೋದವರು. ನಮ್ಮ ಕಡೆ ಊರ ಗಂಡಸರೇ ಸೇರಿ ನಾಟಕ ಕಲಿಯುತ್ತಾರೆ. ಹೆಣ್ಣಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ವಯಸ್ಸಾದ ಮೇಲೆ ಯಾರೂ ಕರೆಯುವುದಿಲ್ಲ. ಹಾಗೆ ಕರೆ ನಿಂತುಹೋದ ಐವರು ಸೇರಿ ಒಂದು ಸಂಘ ನೋಂದಾಯಿಸಿದ್ದರು. ಒಂದು ಪೂರ್ತಿ ನಾಟಕ ಆಡಬೇಕು, ಗಂಡು ಪಾತ್ರಗಳನ್ನೂ ತಾವೇ ಮಾಡಬೇಕು ಎಂಬುದು ಅವರ ಆಸೆ.

ಒಂಬತ್ತನೇ ಕಲಮಿಗೆ ಬಂದಾಗ ನನ್ನ ಬೆರಳು ನಿಂತವು. "ಹಿಂದಿನ ಪ್ರದರ್ಶನಗಳ ಸಾಕ್ಷ್ಯ: ಛಾಯಾಚಿತ್ರ, ಕರಪತ್ರ ಇತ್ಯಾದಿ."

"ಇಲ್ಲೇನು ಕೇಳ್ತಾರ?"

"ನೀವು ಪಾರ್ಟು ಮಾಡಿದ್ದಕ್ಕ ಪುರಾವೆ ಕೇಳ್ತಾರ್ರಿ. ಫೋಟೋ ಅದಾವೇನು?"

"ಫೋಟೋ ಹಿಡಿಸ್ತಿದ್ದೋರು ಊರಿನೋರು. ಅವು ತೊಳದು ಬರೂದ್ರಾಗ ನಾವು ಮುಂದಿನ ಊರಾಗ ಇರ್ತಿದ್ವಿ." ಆಮೇಲೆ ನಕ್ಕರು. "ಪುರಾವೆ ಅಂದ್ರ ನಾನಾ ಅದೀನಲ್ಲ!"

ಹಾಗೆಂದವರೇ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು, ಮಗನನ್ನು ಕಳೆದುಕೊಂಡ ತಾಯಿಯೊಬ್ಬಳ ಮಾತನ್ನು ಹೇಳತೊಡಗಿದರು. ಕೂಗಲಿಲ್ಲ. ದನಿ ಎತ್ತರಿಸದೆಯೇ ಅದು ಓಣಿಯ ಆಚೆ ಮುಟ್ಟಿತು. ಝೆರಾಕ್ಸಿಗೆ ಕಾದಿದ್ದವರು ಕೈಯಲ್ಲಿದ್ದ ಕಾಗದ ಮರೆತರು. ನನ್ನ ತಾಯಿ ತೀರಿ ಆಗಿನ್ನೂ ಒಂದು ವರ್ಷವಾಗಿರಲಿಲ್ಲ. ನಾನು ಕಂಪ್ಯೂಟರಿನ ಪರದೆಯ ಹಿಂದೆ ಮುಖ ಮರೆಸಿಕೊಂಡು ಅತ್ತೆ.

ಅರ್ಜಿ ಕೊಡಲು ಇನ್ನು ಹದಿನೈದು ದಿನ ಉಳಿದಿತ್ತು. ಅವರು ಆಡಿದ ಊರುಗಳಿಗೆ ಹೋಗಿ, ನೋಡಿದವರಿಂದ, ಜೊತೆಗೆ ಆಡಿದವರಿಂದ ಪತ್ರ ಬರೆಸಿ ತರೋಣ ಎಂದು ನಾನೇ ಹೇಳಿದೆ. ಅಂಗಡಿಗೆ ಬೀಗ ಹಾಕಿ ಅವರ ಜೊತೆ ಬಸ್ಸು ಹತ್ತಿದೆ.

ಉಜ್ಜಿನಿಯಲ್ಲಿ ಕೆಲಸ ಸಲೀಸಾಯಿತು. ನಿವೃತ್ತ ಮೇಷ್ಟ್ರೊಬ್ಬರು ಅವರನ್ನು ಕಂಡದ್ದೇ ಎದ್ದು ನಿಂತು, ಎರಡು ಪುಟ ತುಂಬ ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟರು. ಹರಪನಹಳ್ಳಿಯಲ್ಲಿ ಹಾಗಾಗಲಿಲ್ಲ. ಅಲ್ಲಿ ಒಂದು ಕಾಲಕ್ಕೆ ಇವರ ಎದುರು ರಾಜನ ಪಾರ್ಟು ಮಾಡಿದ್ದ ದೊಡ್ಡ ವ್ಯಾಪಾರಿ, ಪಡಸಾಲೆಯಲ್ಲಿ ಕೂತ ನೆಂಟರ ಮುಂದೆ, "ನಾನು ನಾಟಕಗೀಟಕ ಯಾವತ್ತೂ ಮಾಡಿಲ್ಲಮ್ಮ, ನೀವು ಮನೆ ತಪ್ಪಿ ಬಂದಿದೀರ" ಎಂದುಬಿಟ್ಟರು. ನನಗೆ ಮೈ ಉರಿಯಿತು. ಇವರು ಕೈ ಮುಗಿದು ಮೆಟ್ಟಿಲಿಳಿದರು.

"ಮಕಕ್ಕ ಹೊಡದಂಗ ಹೇಳಿ ಬರಬೇಕಿತ್ತು ನೀವು," ಎಂದೆ ಬಸ್ಸಿನಲ್ಲಿ.

"ಬೀಗರು ಬಂದಿದ್ರಲ್ಲವ್ವಾ ಮನಿಗೆ. ಆತಂದೂ ಒಂದು ಮರ್ಯಾದಿ ಇರತೈತಿ. ಪಾಪ, ಆತಗ ಮಾತು ಮರೀತಿತ್ತು. ನಾನಾ ಬಾಯಾಗ ಹೇಳಿಕೊಡ್ತಿದ್ದೆ." ಹಾಗೆಂದು ಕಿಟಕಿಯ ಕಡೆ ತಿರುಗಿದರು.

ಕೊನೆಗೆ ಹೋದದ್ದು ಹಡಗಲಿ ತಾಲ್ಲೂಕಿನ ಇಟ್ಟಿಗಿಗೆ. ಅಲ್ಲಿ ಇವರ ಜೊತೆ ನಾಲ್ಕು ನಾಟಕಗಳಲ್ಲಿ ನಾಯಕನಾಗಿದ್ದ ರೈತರೊಬ್ಬರಿದ್ದರು. ನಾವು ಹೋದಾಗ ತಿಳಿದದ್ದು, ಅವರು ತೀರಿಹೋಗಿ ಮೂರು ವರ್ಷವಾಗಿದೆ ಎಂದು. ಬಾಗಿಲಿಗೆ ಬಂದವರು ಅವರ ಹೆಂಡತಿ. ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನೇನು ಆ ನಾಟಕದಾಕಿ?"

"ಹೌದ್ರಿ."

ತಿರುಗಿ ಹೋಗೋಣವೆಂದು ನಾನು ಇವರ ಸೆರಗು ಜಗ್ಗಿದೆ. ಅಷ್ಟರಲ್ಲಿ ಆ ತಾಯಿ, "ಬಿಸಲಾಗ ಯಾಕ ನಿಂತೀರಿ, ಒಳಗ ಬರ್ರಿ" ಎಂದರು. ಮಜ್ಜಿಗೆ ಕೊಟ್ಟರು. ನಾವು ಬಂದ ಕಾರಣ ಕೇಳಿದರು. ನಾನು ಹೇಳುತ್ತಿದ್ದಂತೆ ಎದ್ದು ಹೋಗಿ, ಕಬ್ಬಿಣದ ಟ್ರಂಕಿನ ತಳದಿಂದ, ರೇಷ್ಮೆ ಸೀರೆಗಳ ಕೆಳಗಿನಿಂದ ಒಂದು ಫೋಟೋ ತಂದರು. ಬಣ್ಣ ಮಾಸಿತ್ತು. ಕಿರೀಟ ತೊಟ್ಟ ತರುಣ, ಪಕ್ಕದಲ್ಲಿ ಉದ್ದ ಜಡೆಯ ಹುಡುಗಿ. ಇಬ್ಬರ ನಡುವೆ ಬಿಳಿಯ ಮಡಿಕೆ ಗೆರೆ.

"ನಾನಾ ಮಡಚಿಟ್ಟಿದ್ದೆ," ಎಂದರು ಆಕೆ. "ಹೊಸ ಲಗ್ನ ಆಗಿತ್ತು. ಮಂದಿ ಏನೇನೋ ಹೇಳಿದ್ರು. ನಿನ್ನ ಕಡೀ ಅರ್ಧ ಹಿಂದಕ್ಕ ಮಡಚಿ ಗ್ವಾಡಿಗೆ ಹಾಕಿದ್ದೆ. ಆಮ್ಯಾಲ ಒಂದು ಸಲ ನಾಟಕಕ್ಕ ಹೋದೆ. ಜಗಳ ತೆಗಿಯಾಕಂತನಾ ಹೋಗಿದ್ದೆ. ನೀನು ಅಳ್ತಿದ್ದಿ. ನಿನ್ನ ನೋಡಿ ನಾನೂ ಅತ್ತೆ. ಏನಂತ ಜಗಳ ತೆಗೀಲಿ?"

ಇವರು ಆಕೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಬ್ಬರೂ ಹಾಗೆಯೇ ಬಹಳ ಹೊತ್ತು ಕೂತರು. ನಾನು ಎದ್ದು ಅಂಗಳಕ್ಕೆ ಬಂದೆ.

ಆಕೆಗೆ ತನ್ನ ಹೆಸರು ಬರೆಯುವುದಷ್ಟೇ ಗೊತ್ತಿತ್ತು. ಪತ್ರವನ್ನು ನಾನು ಬರೆದೆ, ಆಕೆ ಒಂದೊಂದೇ ಅಕ್ಷರ ಒತ್ತಿ ಒತ್ತಿ ಸಹಿ ಹಾಕಿದರು.

ಅಂಗಡಿಗೆ ಬಂದು ಫೋಟೋ ಸ್ಕ್ಯಾನ್ ಮಾಡಿದೆ. "ಈ ಗೆರಿ ಕಂಪ್ಯೂಟರಿನ್ಯಾಗ ಅಳಸಬಹುದ್ರಿ" ಎಂದೆ.

"ಬ್ಯಾಡ. ಆಕಿ ಸಿಟ್ಟೂ ಖರೇನಾ ಇತ್ತು. ಇರ್ಲಿ."

ಅರ್ಜಿ ಹೋಯಿತು. ಒಮ್ಮೆ ಯಾವುದೋ ಪ್ರತಿ ಸೇರಿಸಿಲ್ಲವೆಂದು ವಾಪಸು ಬಂತು, ಸೇರಿಸಿ ಕಳಿಸಿದೆವು. ಅಧಿಕಾರಿಯೊಬ್ಬರು ಬಂದು ಸಂಘದ ಕಚೇರಿ ಎಲ್ಲಿ ಎಂದರು. ಸಂಘಕ್ಕೆ ಕಚೇರಿಯೇ ಇರಲಿಲ್ಲವಾದ್ದರಿಂದ ನನ್ನ ಅಂಗಡಿಯ ಬೆಂಚನ್ನು ತೋರಿಸಿದೆ. ಒಳ್ಳೆಯ ಮನುಷ್ಯ, ಬೆಂಚಿನ ಮೇಲೆ ಕೂತು ಚಹಾ ಕುಡಿದು, ಬರೆದುಕೊಂಡು ಹೋದರು. ಐದು ತಿಂಗಳ ಮೇಲೆ ಮಂಜೂರಾತಿ ಬಂತು. ಕೇಳಿದ್ದರ ಅರ್ಧಕ್ಕೂ ಕಡಿಮೆ.

ಐವರೂ ಬೆಂಚಿಗೆ ಬಂದು ಕೂತರು. ಯಾವುದನ್ನು ಬಿಡುವುದು? ಬಣ್ಣದ ಪರದೆ ಬೇಡ, ಮನೆಯ ಸೀರೆಗಳೇ ಸಾಕು. ಮೈಕು ಬೇಡ, ಗಂಟಲು ಇದೆ. ಹಾರ್ಮೋನಿಯಂ ನುಡಿಸುವ ಕೂಡ್ಲಿಗಿಯ ಸಾಹೇಬರಿಗೆ ಕೊಡುವ ಹಣ ಮಾತ್ರ ಕಡಿಮೆ ಮಾಡಬಾರದೆಂದು, ಅರ್ಜಿ ತಂದಿದ್ದ ಇವರು ಹಟ ಹಿಡಿದರು. ಹಗಲೆಲ್ಲ ಮೋಟಾರ್ ಸೈಕಲ್ ರಿಪೇರಿ ಮಾಡುವ ಆ ಮನುಷ್ಯ ವಿಷಯ ಕೇಳಿ, "ಅಕ್ಕಾ, ಬಸ್ ಚಾರ್ಜ್ ಕೊಡ್ರಿ ಸಾಕು. ಇಷ್ಟು ದಿನ ಯಾರೂ ಕರೀಲೇ ಇಲ್ಲ ನನ್ನ" ಎಂದರಂತೆ.

ಒಂದು ತಿಂಗಳು ತಾಲೀಮು ನಡೆಯಿತು. ಐವರಲ್ಲಿ ಕೊಟ್ಟೂರಿನಿಂದ ಬರುತ್ತಿದ್ದ ಒಬ್ಬರದು ಬೇರೆಯೇ ಕಷ್ಟ. ಅವರ ಮನೆಯಲ್ಲಿ ನಾಟಕದ ಮಾತೇ ಇರಲಿಲ್ಲ. ಮಗನಿಗೆ ಇಷ್ಟವಿಲ್ಲ, ಮೊಮ್ಮಕ್ಕಳಿಗೆ ಗೊತ್ತೇ ಇಲ್ಲ. ಸ್ವಸಹಾಯ ಸಂಘದ ಮೀಟಿಂಗ್ ಎಂದು ಹೇಳಿ ಬರುತ್ತಿದ್ದರು.

ಭಾನುವಾರ ಮಧ್ಯಾಹ್ನ ಊರಿನ ಸಭಾಭವನದಲ್ಲಿ ನಾಟಕವಾಯಿತು. ಅರ್ಧ ಕುರ್ಚಿಗಳು ಖಾಲಿ ಇದ್ದವು, ಆಮೇಲಾಮೇಲೆ ತುಂಬಿದವು. ಅರ್ಜಿ ತಂದಿದ್ದ ಇವರು ಮೀಸೆ ಅಂಟಿಸಿಕೊಂಡು ನಾಯಕನಾಗಿ ಬಂದಾಗ ಜನ ನಕ್ಕರು. ಎರಡನೇ ದೃಶ್ಯದ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಕೊಟ್ಟೂರಿನವರು ನಾಯಕಿ. ಮೊಣಕಾಲು ನೋವಿಗೆ ಪಟ್ಟಿ ಕಟ್ಟಿಕೊಂಡೇ ಕುಣಿದರು.

ನಾಟಕ ಮುಗಿದ ಮೇಲೆ ಎಲ್ಲರೂ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ಕೊಟ್ಟೂರಿನವರು ಮಾತ್ರ ಕನ್ನಡಿಯ ಮುಂದೆ ಸುಮ್ಮನೆ ಕೂತಿದ್ದರು.

"ಬಸ್ ಹೊತ್ತಾತು, ಬಣ್ಣ ಒರಸಿಕೋರಿ" ಎಂದೆ.

"ಇಲ್ಲವ್ವಾ. ಹಿಂಗಾ ಹೋಗತೀನಿ. ಮೊಮ್ಮಕ್ಕಳು ನೋಡ್ಲಿ."

"ನಿಮ್ಮ ಮಗ?"

"ಅವನೂ ನೋಡ್ಲಿ."

ನಾನು ಅವರನ್ನು ನಿಲ್ದಾಣದವರೆಗೆ ಕರೆದುಕೊಂಡು ಹೋದೆ. ಕೆನ್ನೆಯ ಕೆಂಪು, ಕಣ್ಣಿನ ಕಪ್ಪು, ತಲೆಯ ತುಂಬ ಕಾಗದದ ಹೂವು. ಜನ ತಿರುಗಿ ತಿರುಗಿ ನೋಡುತ್ತಿದ್ದರು. ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು, ಬೆರಳು ತಣ್ಣಗಿದ್ದವು. ಕೊಟ್ಟೂರಿನ ಬಸ್ಸು ಬಂದಾಗ ಕಂಡಕ್ಟರು ಒಂದು ಗಳಿಗೆ ಅವರನ್ನೇ ನೋಡಿ, ಮುಂದಿನ ಸೀಟಿನ ಹುಡುಗರನ್ನು ಎಬ್ಬಿಸಿದ.

"ಇಲ್ಲಿ ಕುಂದರ್ರಿ ಅಮ್ಮಾ" ಎಂದ.

ಅವರು ಸೆರಗು ಸರಿಮಾಡಿಕೊಂಡು ಕಿಟಕಿಯ ಪಕ್ಕ ಕೂತರು. ಬಸ್ಸು ಹೊರಟಿತು.