ಮಾದಮ್ಮನ ಫೋನಿನ ಬೊಟ್ಟು

ಮೊಬೈಲ್ ಅಂಗಡಿಯವನು ಫೋನಿನ ಗಾಜಿಗೆ ಅಂಟಿದ್ದ ಕೆಂಪು ಸ್ಟಿಕ್ಕರ್ ಬೊಟ್ಟನ್ನು ಉಗುರಿನಿಂದ ಕೆರೆದು ನಕ್ಕುಬಿಟ್ಟ. ನನಗೆ ಮೈ ಉರಿದುಹೋಯಿತು.

ಫೋನು ಹರದನಹಳ್ಳಿಯಲ್ಲಿ ನಮ್ಮ ಬೀದಿಯಲ್ಲೇ ಇರುವ ಮಾದಮ್ಮನವರದು. ಅವರಿಗೆ ಓದು ಬರದು. ಪರದೆಯಲ್ಲಿ ಮಗಳ ಫೋಟೊ ಇರುವ ಜಾಗದ ಕೆಳಗೆ ಗುರುತಿಗೆಂದು ಬೊಟ್ಟು ಅಂಟಿಸಿಕೊಂಡಿದ್ದರು. ಫೋಟೊ ಮುಟ್ಟಿದರೆ ಮಗಳಿಗೆ ಕರೆ ಹೋಗುತ್ತಿತ್ತು. ಅಂದು ಬೆಳಿಗ್ಗೆ ಎದ್ದು ನೋಡಿದರೆ ಬೊಟ್ಟು ಅಲ್ಲೇ ಇತ್ತು, ಮಗಳಿರಲಿಲ್ಲ. ನಾನೇ ಅವರನ್ನು ಚಾಮರಾಜನಗರಕ್ಕೆ ಕರೆತಂದಿದ್ದೆ.

"ಅಪ್ಡೇಟ್ ಬಂದದೆ ಕಣವ್ವ, ಎಲ್ಲದರ ಜಾಗ ಬದಲಾಗ್ಬುಟ್ಟದೆ" ಎಂದ ಅಂಗಡಿಯವನು.

"ನೀ ಮಲಗಿದ್ದಾಗ ನಿನ್ ಮನೆ ಬಾಗ್ಲ ಕಿತ್ತು ಹಿತ್ಲಿಗಿಟ್ಬುಟ್ರೆ ಸುಮ್ಕಿದ್ದೀಯೇನಪ್ಪ?" ಎಂದರು ಮಾದಮ್ಮ.

ಅವನು ಗಾಜಿನ ಕಪಾಟಿನತ್ತ ಕೈ ತೋರಿಸಿದ. "ಅಂಗಾದ್ರೆ ಆ ಇನ್ನೊಂದು ಕಂಪನಿ ಫೋನ್ ತಕ್ಕೊ. ದುಬಾರಿ, ಆದ್ರೆ ಚೆನ್ನಾಗದೆ."

"ಅದು ನನ್ನ ಕೇಳ್ಬುಟ್ಟು ಬದಲಾಯಿಸ್ತದಾ?"

"ಕೇಳ್ತದೆ. ಇಂಗ್ಲಿಷಲ್ಲಿ."

ಮನೆಗೆ ಬಂದು ನನ್ನ ಫೋನ್ ತೆಗೆದೆ. ಅಪ್ಡೇಟ್ ಈಗಲೇ ಮಾಡಲೇ, ರಾತ್ರಿ ಮಾಡಲೇ ಎಂದು ಅದೂ ಕೇಳುತ್ತಿತ್ತು. ಓದು ಬರುವ ನಾನು ಪರದೆಯನ್ನೆಲ್ಲ ಹುಡುಕಿದೆ. ಬೇಡ ಎನ್ನಲು ಗುಂಡಿಯೇ ಇರಲಿಲ್ಲ.